ಪೆನ್ಸಿಲ್ ಗೆರೆಯೊಳಗಿನ ನಾಲ್ಕು ಪದರ

ಹತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನದಲ್ಲಿ ಒಂದು ಖಾಯಂ ಪ್ರಶ್ನೆ ಇದೆ. 'ಮಾನವನ ಜೀರ್ಣಾಂಗವ್ಯೂಹದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.' ಓದಿನಲ್ಲಿ ಹಿಂದೆ ಬಿದ್ದ ಹುಡುಗರೂ ಈ ಚಿತ್ರವನ್ನು ಬಿಡುವುದಿಲ್ಲ. ಬಾಯಿಂದ ಇಳಿದು ಬರುವ ಎರಡು ಗೆರೆ ಅನ್ನನಾಳ. ಅದರ ಕೆಳಗೆ ಗೋಡಂಬಿಯ ಆಕಾರದ ಜಠರ. ಮಧ್ಯದಲ್ಲಿ ಜಿಲೇಬಿಯಂತೆ ಸುತ್ತಿದ ಸಣ್ಣ ಕರುಳು. ಅದರ ಸುತ್ತ ಬಾಗಿಲ ಚೌಕಟ್ಟಿನಂತೆ ನಿಂತ ದೊಡ್ಡ ಕರುಳು. ಸ್ಕೇಲಿಟ್ಟು ಗೆರೆ ಎಳೆದು ಹೆಸರು ಬರೆದರೆ ಮುಗಿಯಿತು. ಅಂಕ ಕೈಗೆ ಬಂದ ಹಾಗೆಯೇ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ, ಬಿ.ಎಡ್. ಮಾಡಿ ಮೇಷ್ಟ್ರಾದ ನಾನು ಇಂಥ ಚಿತ್ರಗಳನ್ನು ಎಷ್ಟು ಸಾವಿರ ತಿದ್ದಿದ್ದೇನೋ ಲೆಕ್ಕವಿಲ್ಲ. ತಿದ್ದುತ್ತಾ ಕೂತಾಗ ನನ್ನ ಕಣ್ಣು ಭಾಗಗಳ ಹೆಸರಿಗಿಂತ ಹೆಚ್ಚಾಗಿ ಆ ಪೆನ್ಸಿಲ್ ಗೆರೆಯ ಮೇಲೆ ನಿಲ್ಲುತ್ತದೆ. ಹುಡುಗರು ಅದನ್ನು ಬರಿಯ ಗೆರೆ ಎಂದುಕೊಂಡಿದ್ದಾರೆ. ಅದು ಗೆರೆಯಲ್ಲ, ಗೋಡೆ. ಆಹಾರ ಕರಗುವುದು ಕೊಳವೆಯ ಟೊಳ್ಳಿನಲ್ಲಾದರೂ ಆ ಕೆಲಸವನ್ನೆಲ್ಲ ಮಾಡಿಸುವುದು ಗೋಡೆ. ರಸ ಸುರಿಸುವುದು, ಊಟವನ್ನು ಮುಂದಕ್ಕೆ ತಳ್ಳುವುದು, ಸಾರವನ್ನು ಹೀರಿ ರಕ್ತಕ್ಕೆ ಕೊಡುವುದು, ಬೇಡದ ರೋಗಾಣುವನ್ನು ತಡೆಯುವುದು, ನೋವಾದರೆ ಸುದ್ದಿ ಮುಟ್ಟಿಸುವುದು ಎಲ್ಲ ಅದರದೇ ಪಾಲು. ಸಣ್ಣ ಕರುಳಿನಲ್ಲಿ ಈ ಗೋಡೆಯ ದಪ್ಪ ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್. ಅಷ್ಟರಲ್ಲೇ ನಾಲ್ಕು ಪದರ.

ನಮ್ಮ ಪಾಠಕ್ರಮದಲ್ಲಿ ಒಂಬತ್ತನೆಯ ತರಗತಿಗೆ ಅಂಗಾಂಶಗಳ ಪಾಠ ಇದೆ. ಅನುಲೇಪಕ ಅಂಗಾಂಶ, ಸಂಯೋಜಕ ಅಂಗಾಂಶ, ಸ್ನಾಯು ಅಂಗಾಂಶ, ನರ ಅಂಗಾಂಶ ಎಂದು ನಾಲ್ಕು ಬಗೆಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹತ್ತನೆಯದಕ್ಕೆ ಬಂದಾಗ ಜೀವಕ್ರಿಯೆಗಳ ಪಾಠದಲ್ಲಿ ಜೀರ್ಣಕ್ರಿಯೆ ಬರುತ್ತದೆ. ಎರಡು ಪಾಠಗಳ ನಡುವೆ ಒಂದು ಬೇಸಿಗೆ ರಜೆ ಅಡ್ಡ ಬಂದು, ಅವು ಒಂದಕ್ಕೊಂದು ಪರಿಚಯವೇ ಇಲ್ಲದ ನೆಂಟರಂತಾಗುತ್ತವೆ. ಆದರೆ ಆ ನಾಲ್ಕೂ ಅಂಗಾಂಶಗಳು ಒಂದೇ ಕಡೆ ಒಟ್ಟುಸೇರಿ ದುಡಿಯುವುದನ್ನು ನೋಡಬೇಕೆಂದರೆ ಕರುಳಿನ ಗೋಡೆಗಿಂತ ಒಳ್ಳೆಯ ಜಾಗ ದೇಹದಲ್ಲಿ ಕಡಿಮೆ.

ಒಳಗಿನಿಂದ ಹೊರಕ್ಕೆ ಎಣಿಸೋಣ. ಮೊದಲನೆಯದು ಲೋಳೆಪೊರೆ, ಊಟಕ್ಕೆ ನೇರವಾಗಿ ಮೈಯೊಡ್ಡುವ ಪದರ. ಎರಡನೆಯದು ಅದರ ಅಡಿಯ ಪದರ. ಹತ್ತಿಯಂತೆ ಸಡಿಲವಾದ ಸಂಯೋಜಕ ಅಂಗಾಂಶದೊಳಗೆ ಗಟ್ಟಿ ರಕ್ತನಾಳಗಳು ಹರಿಯುವ ಜಾಗ. ಮೂರನೆಯದು ಸ್ನಾಯುವಿನ ಪದರ. ನಾಲ್ಕನೆಯದು ಹೊರಗಿನ ತೆಳು ಹೊದಿಕೆ. ಕರುಳಿನ ಸುರುಳಿಗಳು ಒಂದರ ಮೇಲೊಂದು ಜಾರಾಡಿದರೂ ತಿಕ್ಕದಂತೆ ನೋಡಿಕೊಳ್ಳುವ ನುಣುಪಾದ ಪೊರೆ. ಅನ್ನನಾಳದಿಂದ ಗುದನಾಳದವರೆಗೆ ಇದೇ ಕ್ರಮ. ಊರಿಂದೂರಿಗೆ ಮನೆಗಳ ಮಾದರಿ ಬೇರೆಯಾದರೂ ಹಜಾರ, ಅಡುಗೆಮನೆ, ಹಿತ್ತಿಲು ಇದ್ದೇ ಇರುವಂತೆ, ಆಯಾ ಭಾಗದ ಕೆಲಸಕ್ಕೆ ತಕ್ಕಂತೆ ಪದರಗಳ ರೂಪ ಬದಲಾಗುತ್ತದೆ, ಅಷ್ಟೇ.

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಸಣ್ಣ ಕರುಳಿನ ಅಡ್ಡಸೀಳಿಕೆಯ ಒಂದು ಗಾಜಿನ ಸ್ಲೈಡ್ ಇದೆ. ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿದ್ದು. ಪ್ರತಿ ವರ್ಷ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಇಟ್ಟು ಮಕ್ಕಳನ್ನು ಸಾಲಾಗಿ ಕಳಿಸುತ್ತೇನೆ. ಏನು ಕಂಡಿತು ಎಂದು ಕೇಳಿದರೆ ಪುಸ್ತಕದ ಮಾತು ಬರುವುದೇ ಇಲ್ಲ. ಒಬ್ಬ 'ಬೆರಳು ಸಾರ್' ಎನ್ನುತ್ತಾನೆ. ಇನ್ನೊಬ್ಬ 'ಟರ್ಕಿ ಟವಲು' ಎನ್ನುತ್ತಾನೆ. ಮನೆಯಲ್ಲಿ ತಾಯಿಯ ಜೊತೆ ಸೀರೆಗೆ ಕುಚ್ಚು ಕಟ್ಟುವ ಹುಡುಗಿಯೊಬ್ಬಳು, 'ಸೀರೆ ಸೆರಗಿನ ಕುಚ್ಚು ಇದ್ದ ಹಾಗಿದೆ ಸಾರ್' ಎಂದಳು. ಅಂದಿನಿಂದ ವಿಲ್ಲೈಗಳ ಪಾಠಕ್ಕೆ ನಾನು ಆ ಹೋಲಿಕೆಯನ್ನೇ ಬಳಸುತ್ತಿದ್ದೇನೆ. ಪುಸ್ತಕದಲ್ಲಿ ಅದಕ್ಕಿಂತ ಚೆನ್ನಾದದ್ದು ಸಿಕ್ಕಿಲ್ಲ.

ಊಟದ ಹಾದಿ ಹಿಡಿದೇ ಹೋಗೋಣ. ನಮ್ಮ ಕಡೆ ರಾಗಿಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಬಿಸಿ ಬಿಸಿ ಮುದ್ದೆಯ ತುತ್ತು ಗಂಟಲಿನಿಂದ ಇಳಿಯುವಾಗ ಒಳಗೋಡೆಯನ್ನು ಉಜ್ಜಿಕೊಂಡೇ ಹೋಗಬೇಕು. ಅದಕ್ಕಾಗಿಯೇ ಅನ್ನನಾಳದ ಒಳಮೈಯಲ್ಲಿ ಚಪ್ಪಟೆ ಜೀವಕೋಶಗಳು ಹಲವು ಸಾಲಾಗಿ, ಒಂದರ ಮೇಲೊಂದು ಪೇರಿಸಿದಂತೆ ಇವೆ. ಮೇಲಿನವು ಸವೆದು ಉದುರಿದರೆ ಕೆಳಗಿನವು ಮೇಲೆ ಬರುತ್ತವೆ. ನಮ್ಮ ಚರ್ಮದ ರಚನೆಯೂ ಹೀಗೇ. ಆದರೆ ಚರ್ಮದಂತೆ ಒಣಗಿ ಗಟ್ಟಿಯಾಗದೆ ಅನ್ನನಾಳ ಒದ್ದೆಯಾಗಿ ಉಳಿಯುತ್ತದೆ. ಇನ್ನೊಂದು ವಿಶೇಷ: ಅನ್ನನಾಳದ ಮೇಲಿನ ಭಾಗದಲ್ಲಿರುವುದು ಕೈಕಾಲುಗಳಲ್ಲಿರುವಂಥ ಪಟ್ಟೆ ಸ್ನಾಯು, ಕೆಳಗೆ ಹೋದಂತೆ ಅದು ಮರೆಯಾಗಿ ನುಣುಪು ಸ್ನಾಯು ಬರುತ್ತದೆ. ತುತ್ತನ್ನು ನುಂಗಬೇಕೇ ಬೇಡವೇ ಎಂಬ ತೀರ್ಮಾನ ನಮ್ಮದು. ನುಂಗಿದ ಮೇಲೆ ನಮ್ಮ ಮಾತು ನಡೆಯುವುದಿಲ್ಲ.

ಅನ್ನನಾಳ ಜಠರವನ್ನು ಸೇರುವ ಕಡೆ ಈ ಹಲವು ಸಾಲಿನ ಹೊದಿಕೆ ಹಠಾತ್ತನೆ ನಿಂತು, ಕಂಬದಾಕಾರದ ಜೀವಕೋಶಗಳ ಒಂದೇ ಸಾಲು ಶುರುವಾಗುತ್ತದೆ. ಎಂಡೋಸ್ಕೋಪಿ ಮಾಡುವ ವೈದ್ಯರಿಗೆ ಈ ಗಡಿ ಬರಿಗಣ್ಣಿಗೇ ಕಾಣುತ್ತದೆ. ಮೇಲೆ ತಿಳಿ ಗುಲಾಬಿ, ಕೆಳಗೆ ಕೆಂಪು, ನಡುವೆ ಅಂಕುಡೊಂಕು ಗೆರೆ.

ಜಠರದ ಪಾಠ ಮಾಡುವಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅವನ ತಂದೆಗೆ ಮಟನ್ ಅಂಗಡಿ. 'ಸಾರ್, ಬೋಟಿ ಅಂದ್ರೆ ಕುರಿ ಹೊಟ್ಟೆ, ಕರುಳು. ಅದನ್ನ ತಿಂದ್ರೆ ನಮ್ಮ ಹೊಟ್ಟೆ ಅರಗಿಸುತ್ತೆ. ಹಾಗಾದ್ರೆ ನಮ್ಮ ಹೊಟ್ಟೆ ತನ್ನನ್ನೇ ಯಾಕೆ ಅರಗಿಸ್ಕೊಳ್ಳಲ್ಲ?' ತರಗತಿ ನಕ್ಕಿತು. ನಾನು ನಗಲಿಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ 1772ರಲ್ಲಿ ಇದೇ ಪ್ರಶ್ನೆಯ ಮೇಲೆ ಲೇಖನ ಬರೆದಿದ್ದ. ಆರೋಗ್ಯವಾಗಿದ್ದು ಅಕಸ್ಮಾತ್ತಾಗಿ ಸತ್ತವರ ದೇಹದಲ್ಲಿ ಜಠರದ ಗೋಡೆ ಕರಗಿ ತೂತಾಗಿರುವುದನ್ನು ಅವನು ಕಂಡಿದ್ದ. ಸತ್ತ ಮೇಲೆ ಜಠರ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ಬದುಕಿರುವಷ್ಟು ಕಾಲ ಜೀವವೇ ಅದನ್ನು ಕಾಯುತ್ತದೆ ಎಂದ ಹಂಟರ್. ಮಟನ್ ಅಂಗಡಿಯ ಹುಡುಗನಿಗೂ ಹಂಟರನಿಗೂ ಹೊಳೆದ ಪ್ರಶ್ನೆ ಒಂದೇ ಎಂದು ಹೇಳಿದಾಗ ನಗು ನಿಂತಿತು.

'ಜೀವ ಕಾಯುತ್ತದೆ' ಎಂದರೆ ಹೇಗೆ ಎಂಬುದು ಈಗ ನಮಗೆ ಗೊತ್ತು. ಜಠರದ ಗ್ರಂಥಿಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸುತ್ತವೆ, ಅದರ ಪಿ.ಎಚ್. ಸುಮಾರು 2ರ ಆಸುಪಾಸು. ಆದರೆ ಅದೇ ಗೋಡೆಯ ಮೇಲ್ಮೈ ಜೀವಕೋಶಗಳು ದಪ್ಪ ಲೋಳೆಯನ್ನೂ ಅದರೊಳಗೆ ಬೈಕಾರ್ಬನೇಟನ್ನೂ ಸ್ರವಿಸುತ್ತವೆ. ಲೋಳೆಯ ಮೇಲೆ ಕಡು ಆಮ್ಲ. ಅದರ ಅಡಿಯಲ್ಲಿ, ಒಂದು ಮಿಲಿಮೀಟರಿಗಿಂತ ಕಡಿಮೆ ದೂರದಲ್ಲಿ, ಬಹುಮಟ್ಟಿಗೆ ತಟಸ್ಥ ದ್ರವ. ಕೆಳಗಿನ ರಕ್ತನಾಳಗಳು ಬಿಡುವಿಲ್ಲದೆ ರಕ್ತ ಒದಗಿಸಿ ಒಳನುಗ್ಗಿದ ಆಮ್ಲವನ್ನು ತೊಳೆದುಹಾಕುತ್ತವೆ. ಸವೆದ ಜೀವಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ. ಒಟ್ಟಿನಲ್ಲಿ ಇದು ಕಟ್ಟಿ ಬಿಟ್ಟ ಗೋಡೆಯಲ್ಲ. ದಿನವೂ ಸಾರಿಸಿ ಸುಣ್ಣ ಬಳಿಯುತ್ತಲೇ ಇರಬೇಕಾದ ಗೋಡೆ.

ಈ ಸಾರಣೆಯ ಕೆಲಸ ನಡೆಯಬೇಕಾದರೆ ಪ್ರಾಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳ ಅಪ್ಪಣೆ ಬೇಕು. ಆಸ್ಪಿರಿನ್‌ನಂಥ ನೋವಿನ ಮಾತ್ರೆ ಅವುಗಳ ತಯಾರಿಕೆಯನ್ನೇ ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಮಂಡಿಯಲ್ಲಿ ನೋವು ತರುವುದೂ ಜಠರದಲ್ಲಿ ಲೋಳೆ ತರಿಸುವುದೂ ಒಂದೇ ಕುಲದ ರಾಸಾಯನಿಕಗಳು. ಮಾತ್ರೆಗೆ ಮಂಡಿ ಯಾವುದು, ಜಠರ ಯಾವುದು ಎಂಬ ಭೇದ ತಿಳಿಯದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಗಾರೆ ಕೆಲಸದವರು. ಸೊಂಟನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಮಾತ್ರೆ ತೆಗೆದುಕೊಂಡು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಟೀ ಜೊತೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಮಲ ಡಾಂಬರಿನಂತೆ ಕಪ್ಪಗಾಯಿತು. ಏನೋ ತಿಂದದ್ದು ಇರಬೇಕು ಎಂದು ಸುಮ್ಮನಾದರು. ಮೂರನೆಯ ದಿನ ಕೆಲಸದ ಜಾಗದಲ್ಲೇ ತಲೆಸುತ್ತಿ ಕುಸಿದರು. ಜಠರದ ಹುಣ್ಣು ಮೊದಲ ಪದರವನ್ನು ತಿಂದು ಎರಡನೆಯದಕ್ಕೆ ಇಳಿದು, ಅಲ್ಲಿದ್ದ ರಕ್ತನಾಳವನ್ನು ಮುಟ್ಟಿತ್ತು. ಒಳಗೇ ಸೋರಿದ ರಕ್ತ ಆಮ್ಲದಲ್ಲಿ ಕಪ್ಪಗಾಗಿ ಹೊರಬಂದಿತ್ತು. ರಕ್ತ ಕೊಟ್ಟು, ಎಂಡೋಸ್ಕೋಪಿಯಲ್ಲಿ ಸೋರಿಕೆ ನಿಲ್ಲಿಸಿ ಉಳಿಸಿಕೊಂಡರು. ಲೋಳೆಪೊರೆಯಷ್ಟೇ ಕೆರೆದುಹೋದರೆ ಕೆಲವು ದಿನಗಳಲ್ಲಿ ಮಾಯುತ್ತದೆ. ಅದರ ತಳವನ್ನು ದಾಟಿ ಎರಡನೆಯ ಪದರಕ್ಕೆ ಇಳಿದರೆ ಅದು ಹುಣ್ಣು. ನಾಲ್ಕನ್ನೂ ದಾಟಿದರೆ ತೂತು. ಪದರಗಳ ಹೆಸರನ್ನು ಬಾಯಿಪಾಠ ಮಾಡಿ ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ನಾನು ಹೇಳುವ ಉತ್ತರ ಇದು.

ಹುಣ್ಣಿಗೆ ಮಾತ್ರೆಯೊಂದೇ ಕಾರಣವಲ್ಲ. ಬಹಳ ಕಾಲ ಖಾರವನ್ನೂ ಚಿಂತೆಯನ್ನೂ ದೂರುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ವೈದ್ಯರು 1979ರಲ್ಲಿ ಜಠರದ ಅಂಗಾಂಶದ ತುಣುಕುಗಳ ಮೇಲೆ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ಯಾರೂ ನಂಬಲಿಲ್ಲ. ಅವು ಇದ್ದದ್ದು ಆಮ್ಲದಲ್ಲಲ್ಲ, ಲೋಳೆಯ ಅಡಿಯಲ್ಲಿ. ಅವರ ಜೊತೆಗೂಡಿದ ಬ್ಯಾರಿ ಮಾರ್ಷಲ್ 1982ರಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಈಸ್ಟರ್ ರಜೆ ಬಂದದ್ದರಿಂದ ತಟ್ಟೆಗಳನ್ನು ಎರಡು ದಿನಕ್ಕೆ ಎಸೆಯದೆ ಉಳಿಸಿದ್ದೇ ಅನುಕೂಲವಾಯಿತು. 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾದಿಂದ ಬರುವ ಹುಣ್ಣು ಈಗ ಕೆಲವು ದಿನಗಳ ಔಷಧದಿಂದ ವಾಸಿಯಾಗುತ್ತದೆ. ಮಕ್ಕಳೇ, ಮಾರ್ಷಲ್ ಮಾಡಿದ್ದನ್ನು ಮಾತ್ರ ಮಾಡಲು ಹೋಗಬೇಡಿ.

ಇನ್ನು ಸಣ್ಣ ಕರುಳು. ಶವದಲ್ಲಿ ಅಳೆದರೆ ಸುಮಾರು 6 ಮೀಟರ್. ಬದುಕಿರುವವರಲ್ಲಿ ಸ್ನಾಯುಗಳ ಬಿಗಿಯಿಂದಾಗಿ ಅದಕ್ಕಿಂತ ಗಿಡ್ಡ. ಇದರ ಕೆಲಸ ಹೀರುವುದು. ಹೀರಬೇಕಾದರೆ ಮೈ ವಿಸ್ತಾರ ಬೇಕು. ಅದಕ್ಕೆಂದೇ ಒಳಗೋಡೆಯಲ್ಲಿ ಸೀರೆಯ ನಿರಿಗೆಯಂಥ ಮಡಿಕೆಗಳು. ಮಡಿಕೆಗಳ ಮೇಲೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ಎತ್ತರದ ಕುಚ್ಚುಗಳು, ಅಂದರೆ ವಿಲ್ಲೈಗಳು. ವಿಲ್ಲೈಗಳ ಒಂದೊಂದು ಜೀವಕೋಶದ ಮೇಲೂ ಇನ್ನೂ ಸಣ್ಣ ಕೂದಲಿನಂಥ ಚಾಚುಗಳು. ಇವನ್ನೆಲ್ಲ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಪುಸ್ತಕಗಳು ಬರೆಯುತ್ತಾ ಬಂದವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು ನೋಡಿದಾಗ ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದು ಸಿಕ್ಕಿತು. ಅದರಲ್ಲಿ ದೊಡ್ಡ ಕರುಳಿನದು ಬರಿಯ 2. ಟೆನಿಸ್ ಅಂಗಳವಲ್ಲ, ಅರ್ಧ ಬ್ಯಾಡ್ಮಿಂಟನ್ ಅಂಗಳ. ಆದರೂ ಸಾಧಾರಣ ಮನೆಯ ಎರಡು ಮೂರು ಕೋಣೆಗಳ ನೆಲದಷ್ಟಾಯಿತು. ಅದನ್ನು ಹೊಟ್ಟೆಯೊಳಗೆ ಮಡಿಚಿಟ್ಟಿರುವುದು ಕಡಿಮೆ ಮಾತೇನಲ್ಲ.

ಈ ಹರವಿನ ಮೇಲೆ ಇರುವುದು ಒಂದೇ ಒಂದು ಸಾಲು ಜೀವಕೋಶ. ವಿಲ್ಲೈಗಳ ಬುಡದ ಕುಳಿಗಳಲ್ಲಿ ಅವು ಹುಟ್ಟಿ, ಮೇಲೇರುತ್ತಾ, ಮೂರರಿಂದ ಐದು ದಿನದಲ್ಲಿ ತುದಿ ತಲುಪಿ ಉದುರಿಹೋಗುತ್ತವೆ. ಮುಂದಿನ ವಾರದ ಪುರವಣಿ ನಿಮ್ಮ ಕೈಗೆ ಬರುವ ಹೊತ್ತಿಗೆ ನಿಮ್ಮ ಸಣ್ಣ ಕರುಳಿನ ಒಳಹೊದಿಕೆ ಹೆಚ್ಚುಪಾಲು ಹೊಸದಾಗಿರುತ್ತದೆ. ವಾಂತಿಭೇದಿಯಾದ ಮಗು ಸರಿಯಾಗಿ ನೀರು, ಉಪ್ಪು, ಸಕ್ಕರೆಯ ದ್ರಾವಣ ಸಿಕ್ಕರೆ ವಾರದೊಳಗೆ ಚೇತರಿಸಿಕೊಂಡು ಅನ್ನ ಕೇಳುವುದರಲ್ಲಿ ಈ ಹೊಸ ಜೀವಕೋಶಗಳ ಪಾಲೂ ಇದೆ.

ಗೋಡೆಯೊಳಗೆ ಪಹರೆಯೂ ಇದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ರೋಗನಿರೋಧಕ ಜೀವಕೋಶಗಳು ಗುಂಪಾಗಿ ಸೇರಿದ ತೇಪೆಗಳಿವೆ. ಪೇಯರ್ ಎಂಬ ಸ್ವಿಸ್ ವೈದ್ಯ 1677ರಲ್ಲೇ ಇವನ್ನು ವರ್ಣಿಸಿದ್ದ. ಟೈಫಾಯಿಡ್ ರೋಗಾಣುಗಳು ಒಳನುಗ್ಗುವುದು ಇವೇ ತೇಪೆಗಳ ಮೂಲಕ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರನೆಯ ವಾರದ ಹೊತ್ತಿಗೆ ಹುಣ್ಣಾಗುವುದೂ ಅಲ್ಲೇ. ಅಲ್ಲಿ ಗೋಡೆ ತೂತಾದರೆ ಪ್ರಾಣಕ್ಕೇ ಅಪಾಯ. ಜ್ವರ ಇಳಿಯಿತೆಂದು ಮೂರನೆಯ ದಿನಕ್ಕೇ ಮಾತ್ರೆ ನಿಲ್ಲಿಸುವ ತಂದೆತಾಯಿಯರು ಇದನ್ನು ನೆನಪಿನಲ್ಲಿಡಬೇಕು. ಮೈ ಬಿಸಿ ಇಳಿದರೂ ಒಳಗಿನ ರೋಗಾಣು ಪೂರ್ತಿ ಹೋಗಿರುವುದಿಲ್ಲ. ವೈದ್ಯರು ಹೇಳಿದಷ್ಟು ದಿನ ಮಾತ್ರೆ ಕೊಡಲೇಬೇಕು.

ಮೂರನೆಯ ಪದರದ ಸ್ನಾಯುಗಳ ಕೆಲಸ ವಿವರಿಸಲು ನಾನು ಲಂಗದ ಲಾಡಿಯನ್ನು ನೆನಪಿಸುತ್ತೇನೆ. ಸೊಂಟಪಟ್ಟಿಯೊಳಗೆ ಲಾಡಿ ಪೋಣಿಸುವಾಗ ಪಿನ್ನಿನ ಹಿಂದೆ ಬಟ್ಟೆಯನ್ನು ಚಿವುಟಿ ಹಿಡಿದು, ಮುಂದಿನ ಬಟ್ಟೆಯನ್ನು ನಿರಿಗೆಯಾಗಿ ಎಳೆದುಕೊಂಡು, ಬಿಟ್ಟು, ಮತ್ತೆ ಚಿವುಟುತ್ತೇವಲ್ಲ, ಅದೇ ಪೆರಿಸ್ಟಾಲಿಸಿಸ್. ಒಳಗಿನ ಸ್ನಾಯು ಬಳೆಯಂತೆ ಸುತ್ತಿರುತ್ತದೆ, ಅದು ಚಿವುಟುತ್ತದೆ. ಹೊರಗಿನದು ಉದ್ದಕ್ಕೆ ಹರಡಿರುತ್ತದೆ, ಅದು ಗಿಡ್ಡವಾಗಿಸಿ ಎಳೆದುಕೊಳ್ಳುತ್ತದೆ. ಜಠರದಲ್ಲಿ ಮಾತ್ರ ಓರೆಯಾಗಿ ಹರಿಯುವ ಮೂರನೆಯ ಸಾಲೂ ಇದೆ. ಅಲ್ಲಿ ತಳ್ಳಿದರಷ್ಟೇ ಸಾಲದು, ಕಡೆಯಬೇಕು.

ಯಾರು ಯಾವಾಗ ಚಿವುಟಬೇಕು ಎಂದು ಹೇಳುವವರು ಯಾರು? ಎರಡನೆಯ ಪದರದಲ್ಲಿ ಒಂದು ನರಜಾಲವನ್ನು ಜರ್ಮನಿಯ ಮೈಸ್ನರ್ 1857ರಲ್ಲಿ ಕಂಡುಹಿಡಿದ. ಎರಡು ಸ್ನಾಯುಗಳ ನಡುವೆ ಇನ್ನೊಂದನ್ನು 1860ರ ದಶಕದಲ್ಲಿ ಔಯರ್‌ಬಾಖ್ ಕಂಡ. ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಆದರೂ ಕರುಳು ತನ್ನೊಳಗಿನ ಉಂಡೆಯನ್ನು ಹಿಂದೆ ಬಿಗಿದು, ಮುಂದೆ ಸಡಿಲಿಸಿ ಕೆಳಕ್ಕೆ ಸಾಗಿಸಿತು. ಮಿದುಳಿನ ಅಪ್ಪಣೆಗೆ ಅದು ಕಾಯಲಿಲ್ಲ. ನಮ್ಮ ಜೀರ್ಣನಾಳದ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ ಎಂದು ಅಂದಾಜು. ಅವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಹುಟ್ಟುವಾಗಲೇ ದೊಡ್ಡ ಕರುಳಿನ ಕೊನೆಯ ತುಂಡಿನಲ್ಲಿ ನರಕೋಶಗಳಿಲ್ಲದ ಮಕ್ಕಳಿರುತ್ತಾರೆ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹಿರ್ಶ್‌ಸ್ಪ್ರುಂಗ್ 1886ರಲ್ಲಿ ಈ ರೋಗವನ್ನು ವರ್ಣಿಸಿದರು. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಸ್ನಾಯು ಇದ್ದರೂ ಸಡಿಲಿಸು ಎನ್ನುವವರಿಲ್ಲದೆ ಆ ತುಂಡು ಬಿಗಿದೇ ಇರುತ್ತದೆ. ಮಲ ಮುಂದೆ ಸಾಗುವುದಿಲ್ಲ. ಆ ತುಂಡನ್ನು ತೆಗೆದು ಜೋಡಿಸಿದರೆ ಮಗು ಬದುಕಿ ಬೆಳೆಯುತ್ತದೆ.

'ಹೆತ್ತ ಕರುಳು', 'ಕರುಳು ಚುರುಕ್ ಎಂದಿತು' ಎಂದೆಲ್ಲ ನಮ್ಮವರು ಮಾತನಾಡುತ್ತಾ ಬಂದಿದ್ದಾರೆ. ಪ್ರೀತಿ ಹುಟ್ಟುವುದು ಕರುಳಿನಲ್ಲಿ ಎಂದು ವಿಜ್ಞಾನದ ಮೇಷ್ಟ್ರು ಹೇಳಲಾರೆ. ಆದರೆ ಭಯ ಅಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಖಂಡಿತ ಹೇಳಬಲ್ಲೆ. ಮಿದುಳಿಗೂ ಕರುಳಿನ ನರಜಾಲಕ್ಕೂ ಸಂಪರ್ಕವಿದೆ. ಆತಂಕವಾದಾಗ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡ ಕರುಳಿನ ಚಲನೆ ಜೋರಾಗುತ್ತದೆ. ಪರೀಕ್ಷೆಯ ಬೆಳಿಗ್ಗೆ ತಿಂಡಿ ಸೇರದೆ, ಎರಡು ಮೂರು ಸಲ ಕಕ್ಕಸಿಗೆ ಓಡುವ ಮಗು ನಾಟಕ ಆಡುತ್ತಿಲ್ಲ. ಅದರ ಹೊಟ್ಟೆ ನಿಜವಾಗಿಯೂ ನೋಯುತ್ತಿದೆ. ಬೈದರೆ ಆತಂಕ ಇನ್ನಷ್ಟು, ನೋವು ಇನ್ನಷ್ಟು.

ಕೆಲವು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ದಿನ ಒಬ್ಬ ಹುಡುಗ ಬಗ್ಗಿಕೊಂಡೇ ಶಾಲೆಗೆ ಬಂದ. ಹಿಂದಿನ ರಾತ್ರಿಯಿಂದ ಹೊಟ್ಟೆನೋವು. ಆ ದಿನ ಗಣಿತ. ಗಣಿತವೆಂದರೆ ಅವನಿಗೆ ಆಗದು. ಹಿಂದೆಯೂ ಹೊಟ್ಟೆನೋವೆಂದು ರಜೆ ಹಾಕಿದವನು. ಆದ್ದರಿಂದ ಮನೆಯಲ್ಲಿ ಜೀರಿಗೆ ಕಷಾಯ ಕುಡಿಸಿ, 'ಬರೆದು ಬಂದ ಮೇಲೆ ಹರಳೆಣ್ಣೆ ಕೊಟ್ಟರಾಯಿತು' ಎಂದು ಕಳಿಸಿದ್ದರು.

ನಾನು ಕೇಳಿದ್ದು ಇಷ್ಟೇ: 'ರಾತ್ರಿ ಎಲ್ಲಿ ನೋಯ್ತಿತ್ತು? ಈಗ ಎಲ್ಲಿ?' ರಾತ್ರಿ ಎಲ್ಲಿ ಎಂದು ತೋರಿಸಲು ಅಂಗೈಯನ್ನು ಹೊಕ್ಕುಳಿನ ಸುತ್ತ ಆಡಿಸಿದ. ಈಗ ಎಲ್ಲಿ ಎಂದು ತೋರಿಸಲು ಒಂದೇ ಬೆರಳನ್ನು ಕೆಳಹೊಟ್ಟೆಯ ಬಲಗಡೆ ಇಟ್ಟ. ವಾಂತಿ ಆಗಿತ್ತೇ ಎಂದರೆ, ಒಮ್ಮೆ ಆಗಿದೆ ಎಂದ. ಮೈ ಸ್ವಲ್ಪ ಬಿಸಿಯಿತ್ತು.

ಅಂಗೈಗೂ ಬೆರಳಿಗೂ ಇರುವ ವ್ಯತ್ಯಾಸವೇ ನಾಲ್ಕನೆಯ ಪದರದ ಪಾಠ. ಕರುಳಿನ ಗೋಡೆಗೆ ಚರ್ಮದಂತೆ ಇಂಥದೇ ಜಾಗ ಎಂದು ಹೇಳುವ ನೋವಿನ ಅರಿವಿಲ್ಲ. ಹಿಗ್ಗಿದರೆ, ಬಿಗಿದರೆ ಅದು ಸುದ್ದಿ ಕಳಿಸುತ್ತದೆ. ಆದರೆ ಆ ಸುದ್ದಿ ಹೊಕ್ಕುಳಿನ ಚರ್ಮದ ನರ ಬೆನ್ನುಹುರಿಗೆ ಸೇರುವ ಮಟ್ಟಕ್ಕೇ ಹೋಗಿ ಸೇರುವುದರಿಂದ ಮಿದುಳಿಗೆ ಹೊಕ್ಕುಳ ಸುತ್ತ ನೋಯುತ್ತಿದೆ ಎನಿಸುತ್ತದೆ. ಅಪೆಂಡಿಕ್ಸಿನೊಳಗೆ ಶುರುವಾದ ಉರಿಯೂತ ಒಂದೊಂದೇ ಪದರ ದಾಟಿ ಹೊರಗಿನ ಪೊರೆಗೆ ಬಂದು, ಹೊಟ್ಟೆಯ ಒಳಗೋಡೆಯ ಪೊರೆಯನ್ನು ಮುಟ್ಟಿದಾಗ ಮಾತ್ರ ನೋವು ತನ್ನ ನಿಜವಾದ ವಿಳಾಸ ಹೇಳುತ್ತದೆ. ಆ ಪೊರೆಗೆ ಚರ್ಮದಂತೆಯೇ ಜಾಗ ಗುರುತಿಸುವ ನರಗಳಿವೆ. ನ್ಯೂಯಾರ್ಕಿನ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ, ಬಲ ಸೊಂಟದ ಮೂಳೆಗೂ ಹೊಕ್ಕುಳಿಗೂ ನಡುವಿನ ಜಾಗದಲ್ಲೇ ಆ ಹುಡುಗನ ಬೆರಳಿತ್ತು.

ಮುಖ್ಯೋಪಾಧ್ಯಾಯರಿಗೆ ಹೇಳಿ, ತಂದೆಗೆ ಫೋನ್ ಮಾಡಿ, ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಪರೀಕ್ಷಿಸಿ, ಏನೂ ತಿನ್ನಲು ಕುಡಿಯಲು ಕೊಡಬೇಡಿ ಎಂದರು. ಸಂಜೆಯೇ ಆಪರೇಷನ್ ಆಯಿತು. ಅಪೆಂಡಿಕ್ಸ್ ಊದಿಕೊಂಡಿತ್ತು, ಒಡೆದಿರಲಿಲ್ಲ. ಹೀಗಿರುವಾಗ ಭೇದಿಗೆ ಕೊಟ್ಟರೆ ಒಡೆಯುವ ಅಪಾಯವಿರುತ್ತದೆ ಎಂದು ಹರಳೆಣ್ಣೆಯ ಮಾತು ಕೇಳಿದ ವೈದ್ಯರು ಗಂಭೀರವಾಗಿ ಹೇಳಿದರು. ಆಸ್ಪತ್ರೆಯ ಜಗಲಿಯಲ್ಲಿ ತಂದೆ ನನ್ನ ಪಕ್ಕ ಬಂದು ಕೂತರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, 'ಗಣಿತಕ್ಕೆ ಹೆದರ್ಕೊಂಡು ಆಟ ಕಟ್ತಾನೆ ಅಂದ್ಕೊಂಡೆ ಮೇಷ್ಟ್ರೇ' ಎಂದರು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಹುಡುಗ ಆ ವರ್ಷದ ಪೂರಕ ಪರೀಕ್ಷೆಯಲ್ಲಿ ಗಣಿತವನ್ನೂ ಪಾಸು ಮಾಡಿದ. ಈಗ ಲಾರಿ ಓಡಿಸುತ್ತಾನೆ. ದಾರಿಯಲ್ಲಿ ಕಂಡರೆ ನಿಲ್ಲಿಸಿ ಮಾತನಾಡಿಸುತ್ತಾನೆ.

ಎಲ್ಲ ಅಪೆಂಡಿಸೈಟಿಸ್ ಹೀಗೆ ಪುಸ್ತಕದಲ್ಲಿದ್ದಂತೆ ಬರುವುದಿಲ್ಲ. ಚಿಕ್ಕ ಮಕ್ಕಳಲ್ಲಂತೂ ನೋವು ಜಾಗ ಬದಲಿಸದೆಯೂ ಇರಬಹುದು. ಈ ಲೇಖನ ಓದಿ ಯಾರೂ ಮನೆಯಲ್ಲೇ ರೋಗ ನಿರ್ಣಯ ಮಾಡಬಾರದು. ತಂದೆತಾಯಿಯರು ಮಾಡಬಹುದಾದದ್ದು ಕೇಳುವುದು. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ? ಎಷ್ಟು ಗಂಟೆಯಾಯಿತು, ಹೆಚ್ಚುತ್ತಿದೆಯೇ? ಜ್ವರ, ವಾಂತಿ ಇದೆಯೇ? ಕುಣಿದರೆ, ಕೆಮ್ಮಿದರೆ ಜೋರಾಗುತ್ತದೆಯೇ? ಆರು ಗಂಟೆ ಕಳೆದರೂ ನೋವು ಏರುತ್ತಲೇ ಇದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ, ಮಲ ಕಪ್ಪಗಾದರೆ, ಕಷಾಯ, ಹರಳೆಣ್ಣೆ, ನೋವಿನ ಮಾತ್ರೆ ಎಲ್ಲವನ್ನೂ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಮಗು ಹೇಳಿದ ಉತ್ತರಗಳನ್ನು ಅವರಿಗೆ ಇದ್ದ ಹಾಗೆಯೇ ಹೇಳಿದರೆ ಅವರ ಅರ್ಧ ಕೆಲಸ ಆದಂತೆ.

ಇನ್ನು ವಿದ್ಯಾರ್ಥಿಗಳಿಗೆ. ಮನೆಯಲ್ಲಿ ಮಾಂಸದಡುಗೆ ಮಾಡುವವರಾದರೆ, ಬೋಟಿ ತೊಳೆಯುವಾಗ ಅಮ್ಮನ ಪಕ್ಕ ಹೋಗಿ ಕೂತು ನೋಡಿ. ಒಳಮೈಯ ಮೃದು ಪದರ ಉಗುರಿಗೆ ಬರುತ್ತದೆ. ಹೊರಗಿನ ತೆಳು ಪೊರೆ ಹೊಳೆಯುತ್ತದೆ. ನಡುವಿನದು ರಬ್ಬರಿನಂತೆ ಎಳೆದರೆ ಎಳೆಯುತ್ತದೆ. ಆ ಎಳೆತದಲ್ಲಿ ಸ್ನಾಯು ಇದೆ. ಮಾಂಸ ತಿನ್ನದವರು ನಿಮ್ಮ ಶಾಲೆಯ ಮೇಷ್ಟ್ರನ್ನು ಸ್ಲೈಡ್ ತೋರಿಸಿ ಎಂದು ಕೇಳಿ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಎರಡು ಸಲ ಕೇಳಿ. ಕೇಳುವ ಮಕ್ಕಳಿದ್ದರೆ ಬೀಗದ ಕೈ ಹುಡುಕಲು ಯಾವ ಮೇಷ್ಟ್ರಿಗೂ ಬೇಜಾರಾಗುವುದಿಲ್ಲ.